ತಿಂಗಳು ಹಿಂದೆಮುಂದೆ, ಹೆಸರು ಓರೆ, ಲಕ್ಷದ ಬದಲು ಎಂ: ಪವರ್ ಬಿಐ ಚಾರ್ಟ್‌ನ ಅಕ್ಷದ ಲೇಬಲ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

"ತಿಂಗಳು ಅಕ್ಟೋಬರ್‌ನಿಂದ ಶುರುವಾಗ್ತಿದೆ." "ತಾಲ್ಲೂಕಿನ ಹೆಸರು ಓರೆಯಾಗಿ ನಿಂತಿದೆ, ಓದೋಕಾಗ್ತಿಲ್ಲ." "ಲಕ್ಷ ಬೇಕು, ಇದು ಎಂ, ಅಂದರೆ ಮಿಲಿಯನ್, ಅಂತ ತೋರಿಸ್ತಿದೆ." ಡೇಟಾದಿಂದ ಚಾರ್ಟ್, ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಬಿಐ ಬಳಸುವವರು ಕೇಳುವ ಈ ಮೂರು ಪ್ರಶ್ನೆಗಳಿಗೆ ಬಿಡಿ ಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಕಳಿಸಿದ ಸ್ಕ್ರೀನ್‌ಶಾಟ್ ನೋಡಿದರೆ ಎಲ್ಲರೂ ಒಂದೇ ಜಾಗದಲ್ಲಿ ಒದ್ದಾಡಿರುತ್ತಾರೆ. ಪೇಂಟ್ ಬ್ರಷ್ ಐಕಾನ್ ಒತ್ತಿ, ಫಾರ್ಮ್ಯಾಟ್ ಪೇನ್‌ನಲ್ಲಿ ಒಂದೊಂದೇ ಸ್ವಿಚ್ ಆನ್ ಆಫ್ ಮಾಡುತ್ತಾ ಕೂತಿರುತ್ತಾರೆ.

ತಪ್ಪು ಅಲ್ಲಿರುವುದು ಕಡಿಮೆ. ಅಕ್ಷದ ಮೇಲೆ ಕಾಣುವ ತೊಂದರೆ ಬಹುಪಾಲು ಡೇಟಾದಲ್ಲಿ ಹುಟ್ಟಿರುತ್ತದೆ. ಅದಕ್ಕೇ ಇಲ್ಲಿ ಕ್ರಮ ಮುಖ್ಯ. ಮೊದಲು ಹೆಸರು, ಆಮೇಲೆ ತಾರೀಕು, ಆಮೇಲೆ ಸಾಲು, ಆಮೇಲೆ ಜಾಗ, ಆಮೇಲೆ ಅಂಕಿ. ಬಣ್ಣ, ಫಾಂಟು ಎಲ್ಲ ಕೊನೆಗೆ. ಈ ಕ್ರಮ ತಪ್ಪಿಸಿದರೆ ಮಾಡಿದ ಕೆಲಸವನ್ನೇ ಎರಡು ಸಲ ಮಾಡಬೇಕಾಗುತ್ತದೆ.

ಉದಾಹರಣೆಗೆ ಎರಡು ಫೈಲ್ ಇಟ್ಟುಕೊಳ್ಳೋಣ. ಒಂದು, ಮಂಡ್ಯ ಜಿಲ್ಲೆಯ 7 ತಾಲ್ಲೂಕುಗಳ ಹಾಲು ಸಂಗ್ರಹ, ತಿಂಗಳುವಾರು. ಇನ್ನೊಂದು, ಕೆಆರ್‌ಎಸ್ ಜಲಾಶಯದ ದಿನದಿನದ ನೀರಿನ ಮಟ್ಟ. ಹಾಲಿನ ಅಂಕಿಗಳನ್ನು ಅಭ್ಯಾಸಕ್ಕೆ ಸುಮ್ನೆ ಬರೆದುಕೊಂಡರೂ ಸಾಕು.

## ಶುರು ಮಾಡುವ ಮುಂಚೆ ಬೇಕಾದದ್ದು

ವಿಂಡೋಸ್ ಕಂಪ್ಯೂಟರ್ ಬೇಕು, ಪವರ್ ಬಿಐ ಡೆಸ್ಕ್‌ಟಾಪ್ ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಡೆಸ್ಕ್‌ಟಾಪ್ ಆವೃತ್ತಿ ಉಚಿತ. ಮೂಲ ಎಕ್ಸೆಲ್ ಫೈಲ್‌ನ ಒಂದು ಕಾಪಿ ಬೇರೆ ಫೋಲ್ಡರ್‌ನಲ್ಲಿ ಇಡಿ.

ಒಂದು ಮಾತು. ಪವರ್ ಬಿಐ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅಪ್‌ಡೇಟ್ ಆಗುತ್ತದೆ, ಮೆನುಗಳು ಅತ್ತಿತ್ತ ಸರಿಯುತ್ತವೆ. ಇಲ್ಲಿ ಹೇಳಿದ ಹೆಸರು ಹೇಳಿದ ಜಾಗದಲ್ಲಿ ಸಿಗದಿದ್ದರೆ ಗಾಬರಿ ಬೇಡ. ಫಾರ್ಮ್ಯಾಟ್ ಪೇನ್‌ನ ಮೇಲ್ಗಡೆ ಸರ್ಚ್ ಬಾಕ್ಸ್ ಇದೆ, ಅಲ್ಲಿ ಟೈಪ್ ಮಾಡಿ.

## ಹಂತ 1: ಹೆಸರುಗಳನ್ನು ಡೇಟಾದಲ್ಲೇ ಸರಿಮಾಡಿ

ಹಾಲಿನ ಫೈಲ್ ತೆರೆದು ತಾಲ್ಲೂಕುವಾರು ಕಾಲಂ ಚಾರ್ಟ್ ಹಾಕಿ. ಕಂಬಗಳನ್ನು ಎಣಿಸಿ. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ. ಏಳೇ ಇರಬೇಕು. ಒಂಬತ್ತೋ ಹತ್ತೋ ಇದ್ದರೆ ಅದೇ ಮೊದಲ ಎಚ್ಚರಿಕೆ. ಫಾರ್ಮ್ಯಾಟ್ ಪೇನ್ ಕಡೆ ಕೈ ಹಾಕಬೇಡಿ.

ಕಾರಣ ಹೀಗಿರುತ್ತದೆ. ಒಬ್ಬರು "ಕೆ.ಆರ್. ಪೇಟೆ" ಅಂತ ಹಾಕಿರುತ್ತಾರೆ, ಇನ್ನೊಬ್ಬರು "ಕೃಷ್ಣರಾಜಪೇಟೆ". ಒಬ್ಬರು "ಮದ್ದೂರು" ಬರೆಯುವ ಮುಂಚೆ ಸ್ಪೇಸ್ ಒತ್ತಿರುತ್ತಾರೆ. ಇವು ಕಣ್ಣಿಗೆ ಬೀಳುವ ತಪ್ಪುಗಳು. ಹೋಮ್ ಟ್ಯಾಬ್‌ನಲ್ಲಿ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ ಪವರ್ ಕ್ವೆರಿಗೆ, ಅಂದರೆ ಡೇಟಾ ತಿದ್ದುವ ಕಿಟಕಿಗೆ, ಹೋಗಿ. ತಾಲ್ಲೂಕು ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ, ಟ್ರಾನ್ಸ್‌ಫಾರ್ಮ್ ಒಳಗೆ ಟ್ರಿಮ್ ಆರಿಸಿ. ಸ್ಪೇಸ್ ಹೋಗುತ್ತದೆ. ಉಳಿದದ್ದಕ್ಕೆ ರಿಪ್ಲೇಸ್ ವ್ಯಾಲ್ಯೂಸ್.

ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ, ಇದು ಕನ್ನಡಕ್ಕೆ ಅಂಟಿಕೊಂಡದ್ದು. "ಆರ್‌" ಎಂದು ಬರೆಯುವಾಗ ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರ ಆದ ಮೇಲೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಮುಂದಿನ ಅಕ್ಷರ ಒತ್ತಾಗದಿರಲಿ ಅಂತ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಅದು ಇರುವ "ಕೆ.ಆರ್. ಪೇಟೆ" ಮತ್ತು ಇಲ್ಲದ "ಕೆ.ಆರ್. ಪೇಟೆ" ನಮಗೆ ಒಂದೇ, ಪವರ್ ಬಿಐಗೆ ಎರಡು ಊರು. ಟ್ರಿಮ್ ಇದನ್ನು ತೆಗೆಯುವುದಿಲ್ಲ. ಒಂದು ಸಂಜೆಯೆಲ್ಲ ಇದರ ಹಿಂದೆ ಬಿದ್ದು ತಲೆ ಕೆರೆದುಕೊಂಡಿದ್ದೇನೆ.

ಇದಕ್ಕೆಲ್ಲ ಗಟ್ಟಿಯಾದ ದಾರಿ ಒಂದೇ, ಹೆಸರನ್ನು ನಂಬಬೇಡಿ, ಕೋಡ್ ನಂಬಿ. ಹೋಮ್ ಟ್ಯಾಬ್‌ನ ಎಂಟರ್ ಡೇಟಾ ಒತ್ತಿ ಒಂದು ಚಿಕ್ಕ ಟೇಬಲ್ ಮಾಡಿ. ಅದರಲ್ಲಿ ನಾಲ್ಕು ಕಾಲಂ ಸಾಕು: ತಾಲ್ಲೂಕು ಕೋಡ್, ಪೂರ್ತಿ ಹೆಸರು, ಅಕ್ಷಕ್ಕೆ ಬೇಕಾದ ಚಿಕ್ಕ ಹೆಸರು, ಕ್ರಮಸಂಖ್ಯೆ. ಮುಖ್ಯ ಟೇಬಲ್‌ನಲ್ಲೂ ಕೋಡ್ ಇದ್ದರೆ ಮಾಡೆಲ್ ವ್ಯೂನಲ್ಲಿ ಎರಡನ್ನೂ ಜೋಡಿಸಿ. ಚಾರ್ಟ್‌ಗೆ ಇನ್ನು ಮುಂದೆ ಈ ಚಿಕ್ಕ ಟೇಬಲ್‌ನ ಹೆಸರನ್ನೇ ಎಳೆಯಿರಿ. "ಕೃಷ್ಣರಾಜಪೇಟೆ" ಬದಲು "ಕೆ.ಆರ್. ಪೇಟೆ", "ಶ್ರೀರಂಗಪಟ್ಟಣ" ಬದಲು "ಶ್ರೀ.ಪಟ್ಟಣ" ಬಂದರೆ ಹಂತ 4ರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಎಚ್ಚರಿಕೆ: ನುಡಿ, ಬರಹದ ಹಳೆಯ ಫೈಲ್. ಅಕ್ಷದ ಮೇಲೆ ಕನ್ನಡದ ಬದಲು ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ಆ ಪಠ್ಯ ಯುನಿಕೋಡ್‌ನಲ್ಲಿಲ್ಲ ಅಂತ ಅರ್ಥ. ಎಕ್ಸೆಲ್‌ನಲ್ಲಿ ನುಡಿ ಫಾಂಟ್ ಹಾಕಿದ್ದರಿಂದ ಅಲ್ಲಿ ಚೆನ್ನಾಗಿಯೇ ಕಂಡಿರುತ್ತದೆ. ಪವರ್ ಬಿಐನಲ್ಲಿ ಫಾಂಟ್ ಬದಲಿಸುತ್ತಾ ಕೂರಬೇಡಿ. ಮೊದಲು ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ಬದಲಿಸಿ, ಆಮೇಲೆ ಲೋಡ್ ಮಾಡಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ಓದಿ ನೋಡಿ. ಕನ್ವರ್ಟರ್ ಎಡವುವುದು ಅಲ್ಲೇ.

## ಹಂತ 2: ತಾರೀಕು ನಿಜವಾಗಿ ತಾರೀಕೇ ಅಂತ ಖಾತ್ರಿ ಮಾಡಿಕೊಳ್ಳಿ

ನಾವು 05/06/2024 ಅಂತ ಬರೆದರೆ ಜೂನ್ 5. ಅಮೆರಿಕದ ಲೆಕ್ಕದಲ್ಲಿ ಅದೇ ಮೇ 6. ಪವರ್ ಕ್ವೆರಿ ಯಾವ ದೇಶದ ಸೆಟ್ಟಿಂಗ್‌ನಲ್ಲಿದೆಯೋ ಹಾಗೆ ಓದುತ್ತದೆ.

ಗುರುತಿಸುವುದು ಸುಲಭ. 13ನೇ ತಾರೀಕಿನಿಂದ ಮುಂದಿನ ಸಾಲುಗಳಲ್ಲಿ ಎರರ್ ಬಂದಿರುತ್ತದೆ, ಯಾಕೆಂದರೆ 13ನೇ ತಿಂಗಳು ಇಲ್ಲವಲ್ಲ. 1ರಿಂದ 12ರವರೆಗಿನ ದಿನಗಳು ಎರರ್ ಕೊಡದೆ ಬೇರೆ ತಿಂಗಳಿಗೆ ಹೋಗಿ ಕೂತಿರುತ್ತವೆ. ಎರರ್ ಬಂದದ್ದು ಪುಣ್ಯ ಅನ್ನಿ. ಕೆಲವರು "ರಿಮೂವ್ ಎರರ್ಸ್" ಒತ್ತಿ ಮುಂದೆ ಹೋಗುತ್ತಾರೆ. ಅಲ್ಲಿಗೆ ಅರ್ಧಕ್ಕಿಂತ ಜಾಸ್ತಿ ಡೇಟಾ ಮಾಯ, ಉಳಿದದ್ದು ಅದಲುಬದಲು.

ಸರಿಯಾದ ದಾರಿ: ಮೊದಲು ಬಲಗಡೆ ಅಪ್ಲೈಡ್ ಸ್ಟೆಪ್ಸ್ ಪಟ್ಟಿಯಲ್ಲಿ ತಾನಾಗೇ ಸೇರಿಕೊಂಡ ಚೇಂಜ್ಡ್ ಟೈಪ್ ಹೆಜ್ಜೆಯನ್ನು ತೆಗೆದುಹಾಕಿ. ಅದರಲ್ಲಿ ಬೇರೆ ಕಾಲಂಗಳಿಗೂ ಟೈಪ್ ಕೊಟ್ಟಿರುತ್ತದೆ, ಅವನ್ನು ಮತ್ತೆ ಕೊಡಬೇಕು. ಆಮೇಲೆ ತಾರೀಕಿನ ಕಾಲಂ ಮೇಲೆ ರೈಟ್ ಕ್ಲಿಕ್, ಚೇಂಜ್ ಟೈಪ್, ಕೊನೆಯಲ್ಲಿರುವ ಯೂಸಿಂಗ್ ಲೊಕೇಲ್. ಟೈಪ್ ಡೇಟ್, ಲೊಕೇಲ್ ಇಂಗ್ಲಿಷ್ ಇಂಡಿಯಾ. ಓಕೆ.

ಆಮೇಲೆ ಒಂದು ಸ್ವಿಚ್ ನೋಡಿ. ಫೈಲ್, ಆಪ್ಷನ್ಸ್ ಆಂಡ್ ಸೆಟ್ಟಿಂಗ್ಸ್, ಆಪ್ಷನ್ಸ್, ಕರೆಂಟ್ ಫೈಲ್ ಕೆಳಗೆ ಡೇಟಾ ಲೋಡ್. ಅಲ್ಲಿ ಆಟೋ ಡೇಟ್ ಟೈಮ್ ಆನ್ ಇದ್ದರೆ ತಾರೀಕನ್ನು ಚಾರ್ಟ್‌ಗೆ ಎಳೆದ ಕೂಡಲೇ ವರ್ಷ, ತ್ರೈಮಾಸಿಕ, ತಿಂಗಳು, ದಿನ ಎಂಬ ಏಣಿ ತಾನಾಗೇ ಬರುತ್ತದೆ. ಅದು ಜನವರಿಯಿಂದ ಡಿಸೆಂಬರ್ ಲೆಕ್ಕದ ಏಣಿ. ನಮ್ಮ ಆಫೀಸುಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಸಕ್ಕರೆ ಕಾರ್ಖಾನೆ ಲೆಕ್ಕವಾದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಹಾಗಾಗಿ ನಾನಂತೂ ಅದನ್ನು ಆಫ್ ಮಾಡಿ, ಪವರ್ ಕ್ವೆರಿಯಲ್ಲಿ ನನ್ನದೇ ಕ್ಯಾಲೆಂಡರ್ ಟೇಬಲ್, ಅಂದರೆ ದಿನಕ್ಕೊಂದು ಸಾಲಿನಂತೆ ತಾರೀಕು, ತಿಂಗಳ ಹೆಸರು, ತಿಂಗಳ ಸಂಖ್ಯೆ ಇರುವ ಟೇಬಲ್, ಮಾಡಿ ತಾರೀಕಿನ ಕಾಲಂ ಮೂಲಕ ಮುಖ್ಯ ಟೇಬಲ್‌ಗೆ ಜೋಡಿಸಿಕೊಳ್ಳುತ್ತೇನೆ. ಆದರೆ ಹಳೆಯ ರಿಪೋರ್ಟ್‌ನಲ್ಲಿ ಆ ಏಣಿಯನ್ನು ಬಳಸಿದ ಚಾರ್ಟ್ ಇದ್ದರೆ ಆಫ್ ಮಾಡಿದ ಕೂಡಲೇ ಅವು ಒಡೆಯುತ್ತವೆ. ಹೊಸ ಫೈಲ್‌ನಲ್ಲಿ ಮಾತ್ರ ಮಾಡಿ.

## ಹಂತ 3: ತಿಂಗಳುಗಳನ್ನು ಸಾಲಾಗಿ ನಿಲ್ಲಿಸಿ

ಕನ್ನಡದ ತಿಂಗಳ ಹೆಸರುಗಳು ಅಕಾರಾದಿಯಲ್ಲಿ ನಿಂತರೆ ಹೀಗೆ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ... ಕೊನೆಗೆ ಸೆಪ್ಟೆಂಬರ್. ಪವರ್ ಬಿಐಗೆ "ಜನವರಿ" ಬರೀ ಅಕ್ಷರಗಳ ಗುಂಪು. ಯಾವುದು ಮೊದಲು ಅಂತ ನಾವೇ ಅಂಕಿಯಲ್ಲಿ ಹೇಳಬೇಕು.

ಪವರ್ ಕ್ವೆರಿಯಲ್ಲಿ ಕ್ಯಾಲೆಂಡರ್ ಟೇಬಲ್‌ಗೆ ಒಂದು ಹೊಸ ಕಾಲಂ ಸೇರಿಸಿ, "ತಿಂಗಳ ಕ್ರಮ" ಅಂತಿರಲಿ. ಲೆಕ್ಕ ಸರಳ. ತಿಂಗಳ ಸಂಖ್ಯೆ 4 ಅಥವಾ ಜಾಸ್ತಿ ಇದ್ದರೆ ಅದರಿಂದ 3 ಕಳೆಯಿರಿ, ಇಲ್ಲದಿದ್ದರೆ 9 ಕೂಡಿ. ಏಪ್ರಿಲ್ 1 ಆಗುತ್ತದೆ, ಡಿಸೆಂಬರ್ 9, ಜನವರಿ 10, ಮಾರ್ಚ್ 12. ಕಬ್ಬಿನ ಹಂಗಾಮಿಗಾದರೆ 10 ಅಥವಾ ಜಾಸ್ತಿ ಇದ್ದಾಗ 9 ಕಳೆದು, ಇಲ್ಲದಿದ್ದಾಗ 3 ಕೂಡಿ. ಕಾಲಂನ ಟೈಪ್ ಹೋಲ್ ನಂಬರ್ ಇರಬೇಕು. ಟೆಕ್ಸ್ಟ್ ಆಗಿ ಉಳಿದರೆ 1, 10, 11, 12, 2 ಅಂತ ನಿಲ್ಲುತ್ತದೆ.

ಈಗ ಕ್ಲೋಸ್ ಆಂಡ್ ಅಪ್ಲೈ ಮಾಡಿ, ಟೇಬಲ್ ವ್ಯೂಗೆ ಹೋಗಿ. "ತಿಂಗಳ ಹೆಸರು" ಕಾಲಂ ಆರಿಸಿ, ಕ್ರಮದ ಕಾಲಂ ಅಲ್ಲ. ಮೇಲೆ ಕಾಲಂ ಟೂಲ್ಸ್‌ನಲ್ಲಿ ಸಾರ್ಟ್ ಬೈ ಕಾಲಂ ಒತ್ತಿ "ತಿಂಗಳ ಕ್ರಮ" ಆರಿಸಿ.

ಇಷ್ಟು ಮಾಡಿ ಚಾರ್ಟ್‌ಗೆ ಬಂದರೆ ಏನೂ ಬದಲಾಗಿರುವುದಿಲ್ಲ! ಇಲ್ಲೇ ಜನ ಕೈಚೆಲ್ಲುವುದು. ಕಾಲಂ ಚಾರ್ಟ್ ಸಾಮಾನ್ಯವಾಗಿ ದೊಡ್ಡ ಕಂಬದಿಂದ ಚಿಕ್ಕ ಕಂಬಕ್ಕೆ ಜೋಡಿಸಿಕೊಂಡಿರುತ್ತದೆ. ಚಾರ್ಟ್‌ನ ಬಲ ಮೂಲೆಯ ಮೂರು ಚುಕ್ಕಿ ಒತ್ತಿ, ಸಾರ್ಟ್ ಆಕ್ಸಿಸ್‌ನಲ್ಲಿ ತಿಂಗಳ ಹೆಸರು ಆರಿಸಿ. ಮತ್ತೊಮ್ಮೆ ಅಲ್ಲೇ ಹೋಗಿ ಸಾರ್ಟ್ ಅಸೆಂಡಿಂಗ್ ಒತ್ತಿ. ಎರಡು ಸಲ, ಹೌದು.

ಈ ಹಂತದಲ್ಲಿ ಬರುವ ಎರಡು ಎರರ್ ಗುರುತಿಟ್ಟುಕೊಳ್ಳಿ.

ಮೊದಲನೆಯದು, ಒಂದೇ ಹೆಸರಿಗೆ ಒಂದಕ್ಕಿಂತ ಜಾಸ್ತಿ ಕ್ರಮಸಂಖ್ಯೆ ಇದೆ ಎನ್ನುವ ದೂರು. "ಏಪ್ರಿಲ್" ಎಂಬ ಹೆಸರಿಗೆ 202304, 202404 ಎರಡೂ ಕೊಟ್ಟಿರುತ್ತೀರಿ. ಹೆಸರಲ್ಲಿ ವರ್ಷ ಇಲ್ಲದಿದ್ದರೆ ಕ್ರಮದಲ್ಲೂ ವರ್ಷ ಇರಬಾರದು. ಹಲವು ವರ್ಷ ಒಟ್ಟಿಗೆ ತೋರಿಸಬೇಕಾದರೆ ಹೆಸರನ್ನೇ "ಏಪ್ರಿಲ್ 2024" ಮಾಡಿ, ಕ್ರಮ 202404 ಕೊಡಿ.

ಎರಡನೆಯದು, ಸರ್ಕ್ಯುಲರ್ ಡಿಪೆಂಡೆನ್ಸಿ. ಕ್ರಮದ ಕಾಲಂ ಅನ್ನು ಡ್ಯಾಕ್ಸ್ ಎಂಬ ಪವರ್ ಬಿಐನ ಸೂತ್ರಭಾಷೆಯಲ್ಲಿ, ಅದೇ ಹೆಸರಿನ ಕಾಲಂನಿಂದಲೇ ಲೆಕ್ಕ ಹಾಕಿ ತೆಗೆದಾಗ ಬರುತ್ತದೆ. ನನ್ನ ಬಾಲ ನಾನೇ ಹಿಡಿದಂತೆ ಅಲ್ವಾ? ಅದಕ್ಕೇ ಪವರ್ ಕ್ವೆರಿಯಲ್ಲಿ ಮಾಡಿ ಅಂದದ್ದು.

"0-50, 50-100, 100-150" ಥರದ ಗುಂಪುಗಳಿಗೂ ಇದೇ ಮದ್ದು. ತಾಲ್ಲೂಕುಗಳಿಗೆ ಹಂತ 1ರ ಟೇಬಲ್‌ನಲ್ಲಿ ಕ್ರಮಸಂಖ್ಯೆ ಇಟ್ಟದ್ದೂ ಇದಕ್ಕೇ.

ಒಂದು ತಿಂಗಳೇ ಕಾಣೆಯಾಗಿದೆಯೇ? ಕಬ್ಬು ಅರೆಯದ ತಿಂಗಳುಗಳಲ್ಲಿ ಸಾಲೇ ಇಲ್ಲದಿದ್ದರೆ ಅಕ್ಷದಿಂದ ಆ ತಿಂಗಳು ಬಿದ್ದುಹೋಗುತ್ತದೆ, ನೋಡುವವರಿಗೆ ಕಾರ್ಖಾನೆ ವರ್ಷವಿಡೀ ನಡೆದಂತೆ ಕಾಣುತ್ತದೆ. ಎಕ್ಸ್ ಆಕ್ಸಿಸ್ ಬಾಕ್ಸ್‌ನಲ್ಲಿ ತಿಂಗಳ ಹೆಸರಿನ ಪಕ್ಕದ ಬಾಣ ಒತ್ತಿ, ಶೋ ಐಟಮ್ಸ್ ವಿತ್ ನೋ ಡೇಟಾ ಆನ್ ಮಾಡಿ. ತಿಂಗಳು ಕ್ಯಾಲೆಂಡರ್ ಟೇಬಲ್‌ನಿಂದ ಬಂದಿದ್ದರೆ ಮಾತ್ರ ಇದು ಸರಿಯಾಗಿ ಕೆಲಸ ಮಾಡುತ್ತದೆ.

## ಹಂತ 4: ಲೇಬಲ್‌ಗೆ ಜಾಗ ಕೊಡಿ

ಈಗ ಪೇಂಟ್ ಬ್ರಷ್ ಒತ್ತಬಹುದು.

ಎಕ್ಸೆಲ್‌ನಲ್ಲಿ ಲೇಬಲ್‌ನ ಕೋನವನ್ನು ನಾವೇ ಕೊಡಬಹುದು. ಪವರ್ ಬಿಐನ ಮಾಮೂಲಿ ಕಾಲಂ ಚಾರ್ಟ್‌ನಲ್ಲಿ ಜಾಗ ಸಾಲದಿದ್ದರೆ ಅದೇ ಓರೆ ಮಾಡುತ್ತದೆ, ಇನ್ನೂ ಸಾಲದಿದ್ದರೆ ಮೂರು ಚುಕ್ಕಿ ಹಾಕಿ ಹೆಸರು ಕತ್ತರಿಸುತ್ತದೆ. ಕನ್ನಡಕ್ಕೆ ಇದು ಇನ್ನೂ ಕಷ್ಟ. ಒತ್ತು, ದೀರ್ಘ ಎಲ್ಲ ಸೇರಿ ನಮ್ಮ ಅಕ್ಷರ ಎತ್ತರ. ಅದನ್ನು ಮಲಗಿಸಿದರೆ ಓದುವವರ ಕತ್ತು ನೋಯುತ್ತದೆ.

ಈ ಕ್ರಮದಲ್ಲಿ ಪ್ರಯತ್ನಿಸಿ. ಮೊದಲು ಚಿಕ್ಕ ಹೆಸರು, ಅದು ಆಗಲೇ ಆಗಿದೆ. ಆಮೇಲೆ ಚಾರ್ಟ್‌ನ ಅಗಲ ಎಳೆದು ನೋಡಿ. ಆಮೇಲೆ ಎಕ್ಸ್ ಆಕ್ಸಿಸ್, ವ್ಯಾಲ್ಯೂಸ್ ಒಳಗೆ ಫಾಂಟ್ ಒಂದೊಂದೇ ಪಾಯಿಂಟ್ ಇಳಿಸಿ. ಕನ್ನಡಕ್ಕೆ 10ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ಇಂಗ್ಲಿಷ್ 8ರಲ್ಲೂ ಓದಬಹುದು, "ಶ್ರೀ" ಓದಲಾಗುವುದಿಲ್ಲ. ಅಲ್ಲೇ ಮ್ಯಾಕ್ಸಿಮಂ ಹೈಟ್ ಎಂಬ ಸ್ಲೈಡರ್ ಇದೆ. ಲೇಬಲ್‌ಗಳು ಚಾರ್ಟ್‌ನ ಎತ್ತರದಲ್ಲಿ ಎಷ್ಟು ಪಾಲು ತಿನ್ನಬಹುದು ಅನ್ನುವುದು ಅದು. ಹೆಸರು ತುಂಡಾಗುತ್ತಿದ್ದರೆ ಅದನ್ನು ಹೆಚ್ಚಿಸಿ, ಆದರೆ ಕಂಬಗಳು ಕುಳ್ಳಗಾಗುತ್ತವೆ.

ಇಷ್ಟಕ್ಕೂ ಆಗದಿದ್ದರೆ ಜಗಳ ಬಿಡಿ. ಕಾಲಂ ಚಾರ್ಟ್ ತೆಗೆದು ಬಾರ್ ಚಾರ್ಟ್ ಮಾಡಿ, ಕಂಬಗಳು ಅಡ್ಡ ಮಲಗಲಿ, ಹೆಸರುಗಳು ನೆಟ್ಟಗಿರಲಿ. ನಿಜ ಹೇಳಬೇಕೆಂದರೆ ಊರು, ತಾಲ್ಲೂಕು, ಇಲಾಖೆ ಹೆಸರುಗಳಿಗೆ ನಾನು ಮೊದಲೇ ಬಾರ್ ಚಾರ್ಟ್ ಆರಿಸುತ್ತೇನೆ. ಮೈಸೂರು ಜಿಲ್ಲೆಯ ಪಟ್ಟಿ ತೆಗೆದುಕೊಳ್ಳಿ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ತಿರುಮಕೂಡಲು ನರಸೀಪುರ. ಇವನ್ನು ಕಂಬದ ಕೆಳಗೆ ತುರುಕುವ ಹಟ ಯಾಕೆ? ಬಾರ್ ಚಾರ್ಟ್‌ನಲ್ಲಿ ಹೆಸರು ಕತ್ತರಿಸಿದರೆ ವೈ ಆಕ್ಸಿಸ್, ವ್ಯಾಲ್ಯೂಸ್ ಒಳಗಿನ ಮ್ಯಾಕ್ಸಿಮಂ ವಿಡ್ತ್ ಹೆಚ್ಚಿಸಿ, ಅಷ್ಟೇ.

## ಹಂತ 5: ಎಲ್ಲ ಲೇಬಲ್ ಬೇಕೋ, ಕೆಲವೇ ಸಾಕೋ

ಎಕ್ಸ್ ಆಕ್ಸಿಸ್‌ನಲ್ಲಿ ಟೈಪ್ ಎಂಬ ಆಯ್ಕೆ ಇದೆ: ಕಂಟಿನ್ಯುಯಸ್, ಕೆಟಗೊರಿಕಲ್. ಅಂಕಿ ಅಥವಾ ತಾರೀಕು ಇದ್ದರೆ ಮಾತ್ರ ಕಾಣುತ್ತದೆ, ಹೆಸರುಗಳಿಗೆ ಬರುವುದಿಲ್ಲ.

ಕಂಟಿನ್ಯುಯಸ್ ಎಂದರೆ ಅಳತೆ ಪಟ್ಟಿ ಇದ್ದಂತೆ. ಅಲ್ಲಲ್ಲಿ ಮಾತ್ರ ಗುರುತು. ಕೆಆರ್‌ಎಸ್‌ನ ದಿನದಿನದ ಮಟ್ಟಕ್ಕೆ ಇದೇ ಸರಿ. ಅಲ್ಲಿ ಕೆಟಗೊರಿಕಲ್ ಹಾಕಿದರೆ 365 ಲೇಬಲ್ ಮಾಡಲು ಹೋಗಿ ಕೆಳಗೆ ಸ್ಕ್ರಾಲ್ ಬಾರ್ ಬರುತ್ತದೆ. 12 ತಿಂಗಳ ಕಂಬಗಳಿಗೆ ಕೆಟಗೊರಿಕಲ್.

ವರ್ಷದ ಕಾಲಂ ಅಂಕಿಯಾಗಿದ್ದಾಗ ಅಕ್ಷದಲ್ಲಿ 2022.5 ಎಂಬ ವಿಚಿತ್ರ ವರ್ಷ ಹುಟ್ಟುವುದುಂಟು. ಕೆಟಗೊರಿಕಲ್ ಮಾಡಿದರೆ ಹೋಗುತ್ತದೆ. 2,024 ಅಂತ ಅಲ್ಪವಿರಾಮ ಬಂದರೆ ಕಾಲಂ ಟೂಲ್ಸ್‌ನಲ್ಲಿ ಅಲ್ಪವಿರಾಮದ ಬಟನ್ ತೆಗೆಯಿರಿ, ಸಮ್ಮರೈಸೇಷನ್ ಎಂಬಲ್ಲಿ ಡೋಂಟ್ ಸಮ್ಮರೈಸ್ ಕೊಡಿ.

## ಹಂತ 6: ಅಂಕಿಯ ಅಕ್ಷ, ಲಕ್ಷ ಮತ್ತು ಕೋಟಿ

ವೈ ಆಕ್ಸಿಸ್, ವ್ಯಾಲ್ಯೂಸ್, ಡಿಸ್‌ಪ್ಲೇ ಯೂನಿಟ್ಸ್. ಅಲ್ಲಿ ಸಿದ್ಧವಾಗಿ ಸಿಗುವುದು ಸಾವಿರ, ಮಿಲಿಯನ್, ಬಿಲಿಯನ್, ಟ್ರಿಲಿಯನ್. ಲಕ್ಷ, ಕೋಟಿ ಇಲ್ಲ. 12 ಲಕ್ಷ ಲೀಟರನ್ನು ಅದು 1.2 ಎಂ ಅನ್ನುತ್ತದೆ. ಮೀಟಿಂಗ್‌ನಲ್ಲಿ ಕೂತವರು ಮನಸ್ಸಿನಲ್ಲೇ ಗುಣಿಸಬೇಕಾ?

ದಾರಿ ಸರಳ. ಒಂದು ಮೆಷರ್, ಅಂದರೆ ಲೆಕ್ಕದ ಸೂತ್ರ, ಬರೆಯಿರಿ. ಡಿವೈಡ್ ಫಂಕ್ಷನ್‌ನಲ್ಲಿ ಲೀಟರ್‌ಗಳ ಮೊತ್ತವನ್ನು 100000ದಿಂದ ಭಾಗಿಸಿ. ಕೋಟಿಗಾದರೆ 10000000. ಅದನ್ನು ಚಾರ್ಟ್‌ಗೆ ಹಾಕಿ, ಅಕ್ಷದ ಟೈಟಲ್‌ನಲ್ಲಿ "ಲಕ್ಷ ಲೀಟರ್" ಅಂತ ಬರೆಯಿರಿ.

ಮರೆಯಬಾರದ ಕೆಲಸ: ಡಿಸ್‌ಪ್ಲೇ ಯೂನಿಟ್ಸ್ ಅನ್ನು ಆಟೋದಿಂದ ನನ್‌ಗೆ ಬದಲಿಸಿ. ಇಲ್ಲದಿದ್ದರೆ ವರ್ಷದ ಮೊತ್ತ 1500 ಲಕ್ಷ ಆದಾಗ ಅಕ್ಷದಲ್ಲಿ 1.5 ಕೆ ಬರುತ್ತದೆ, ಪಕ್ಕದಲ್ಲಿ ನಿಮ್ಮದೇ ಕೈಬರಹ "ಲಕ್ಷ ಲೀಟರ್". ಓದುವವರು ಒಂದೂವರೆ ಲಕ್ಷ ಅಂದುಕೊಂಡು ಹೋಗುತ್ತಾರೆ. ನಾನೇ ಒಂದು ಕಚೇರಿಗೆ ಮಾಡಿಕೊಟ್ಟ ರಿಪೋರ್ಟ್‌ನಲ್ಲಿ ಹೀಗಾಗಿತ್ತು. ಹಾಲು ಇಷ್ಟು ಕಡಿಮೆ ಆಯ್ತಾ ಅಂತ ಅರ್ಧ ಗಂಟೆ ಚರ್ಚೆ ನಡೆದ ಮೇಲೆ ಗೊತ್ತಾಯಿತು, ತಪ್ಪು ನನ್ನ ಅಕ್ಷದ್ದು.

## ಹಂತ 7: ಅಕ್ಷ ಎಲ್ಲಿಂದ ಶುರುವಾಗಬೇಕು

ಕಂಬದ ಚಾರ್ಟ್ ಆದರೆ ಸೊನ್ನೆಯಿಂದ. ಇದರಲ್ಲಿ ರಾಜಿ ಇಲ್ಲ. ಮದ್ದೂರು 52, ಮಳವಳ್ಳಿ 50 ಇದೆ ಅನ್ನಿ. ಅಕ್ಷ 48ರಿಂದ ಶುರು ಮಾಡಿದರೆ ಒಂದು ಕಂಬದ ಎತ್ತರ 4, ಇನ್ನೊಂದರದು 2. ಕಣ್ಣಿಗೆ ಮದ್ದೂರು ಎರಡರಷ್ಟು. ವೈ ಆಕ್ಸಿಸ್, ರೇಂಜ್, ಮಿನಿಮಂನಲ್ಲಿ 0 ಎಂದು ಬರೆದೇ ಬಿಡಿ.

ಗೆರೆಯ ಚಾರ್ಟ್ ಬೇರೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಮಟ್ಟವನ್ನು ಸೊನ್ನೆಯಿಂದ ತೋರಿಸಿದರೆ ಗೆರೆ ಮೇಲ್ಗಡೆ ಅಂಟಿಕೊಂಡು ಚಪ್ಪಟೆಯಾಗುತ್ತದೆ, ಮಳೆಗಾಲದ ಏರಿಕೆಯೇ ಗೊತ್ತಾಗುವುದಿಲ್ಲ. ಇಲ್ಲಿ ಮಿನಿಮಂ 70 ಕೊಡುವುದು ತಪ್ಪಲ್ಲ, ನಿಮ್ಮ ಡೇಟಾದ ಅತಿ ಕಡಿಮೆ ಮಟ್ಟ ಅದಕ್ಕಿಂತ ಮೇಲಿದ್ದರೆ. ಟೈಟಲ್‌ನಲ್ಲಿ "ಮಟ್ಟ, ಅಡಿ (70ರಿಂದ)" ಅಂತ ಹೇಳಿಬಿಡಿ. ಆಮೇಲೆ ಅನಾಲಿಟಿಕ್ಸ್ ಪೇನ್, ಅಂದರೆ ಭೂತಗನ್ನಡಿಯ ಐಕಾನ್, ಒತ್ತಿ 124.80ಕ್ಕೆ ಒಂದು ಕಾನ್‌ಸ್ಟಂಟ್ ಲೈನ್ ಎಳೆಯಿರಿ. ಅಕ್ಷದ ಅಂಕಿಗಳಿಗಿಂತ ಆ ಒಂದು ಗೆರೆ ಜಾಸ್ತಿ ಹೇಳುತ್ತದೆ.

ಮ್ಯಾಕ್ಸಿಮಂ ಮಾತ್ರ ಆಟೋ ಇರಲಿ. ಇವತ್ತಿನ ಡೇಟಾ ನೋಡಿ 50 ಅಂತ ಕಟ್ಟಿಹಾಕಿದರೆ ಮುಂದಿನ ತಿಂಗಳು 58 ಬಂದಾಗ ಕಂಬದ ತಲೆ ಹಾರಿರುತ್ತದೆ, ಯಾವ ಎರರೂ ಬರುವುದಿಲ್ಲ. ಜಲಾಶಯದ ಮಟ್ಟಕ್ಕೆ 130 ಕೊಡಬಹುದು, ಅಲ್ಲಿ ಮೇಲಿನ ಮಿತಿ ಗೊತ್ತಿದೆ.

## ಹಂತ 8: ಟೈಟಲ್, ಫಾಂಟು, ಕೊನೆಯ ತಪಾಸಣೆ

ಅಕ್ಷದ ಪಕ್ಕ "ಸಮ್ ಆಫ್" ಅಂತ ಶುರುವಾಗುವ ಟೈಟಲ್ ಬಂದಿದ್ದರೆ ವೈ ಆಕ್ಸಿಸ್ ಬಾಕ್ಸ್‌ನಲ್ಲಿರುವ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ಬೇಕಾದ ಹೆಸರು ಬರೆಯಿರಿ. ಮೌಸ್ ಇಟ್ಟಾಗ ಕಾಣುವ ಟೂಲ್‌ಟಿಪ್‌ನಲ್ಲೂ ಅದೇ ಬರುತ್ತದೆ, ಬೇರೆ ಚಾರ್ಟ್‌ಗಳಿಗೆ ತೊಂದರೆಯಿಲ್ಲ. ತಿಂಗಳ ಹೆಸರುಗಳ ಕೆಳಗೆ "ತಿಂಗಳು" ಅಂತ ಟೈಟಲ್ ಬೇಕಿಲ್ಲ, ಆಫ್ ಮಾಡಿ. ಕಂಬಗಳ ಮೇಲೆ ಡೇಟಾ ಲೇಬಲ್ ಇದ್ದರೆ ವೈ ಆಕ್ಸಿಸ್‌ನ ಅಂಕಿಗಳನ್ನೂ ತೆಗೆಯಬಹುದು. ಆದರೆ ಆಗ "ಲಕ್ಷ ಲೀಟರ್" ಎಂಬುದು ಚಾರ್ಟ್‌ನ ತಲೆಬರಹಕ್ಕೆ ಹೋಗಬೇಕು.

ವಿಂಡೋಸ್‌ನಲ್ಲಿ ಕನ್ನಡ ಅಕ್ಷರಗಳು ಸಾಮಾನ್ಯವಾಗಿ ನಿರ್ಮಲಾ ಯುಐ ಫಾಂಟ್‌ನಿಂದ ಬರುತ್ತವೆ, ನೀವು ಬೇರೆ ಇಂಗ್ಲಿಷ್ ಫಾಂಟ್ ಆರಿಸಿದ್ದರೂ. ಫೋನಿನಲ್ಲಿ ಬೇರೆ ಫಾಂಟ್ ಬರುತ್ತದೆ, ಅಗಲ ಬದಲಾಗುತ್ತದೆ. ನಿಮ್ಮ ಸ್ಕ್ರೀನ್‌ನಲ್ಲಿ ನೆಟ್ಟಗಿದ್ದ "ಪಾಂಡವಪುರ" ಅಲ್ಲಿ ಓರೆಯಾಗಬಹುದು. ಹಾಗಾಗಿ ಪಬ್ಲಿಷ್ ಮಾಡಿ ಬ್ರೌಸರ್‌ನಲ್ಲಿ ಒಮ್ಮೆ, ಫೋನಿನಲ್ಲಿ ಒಮ್ಮೆ ತೆರೆಯಿರಿ. ಪಿಡಿಎಫ್ ತೆಗೆದು ಪ್ರಿಂಟ್ ಹಾಕಿ, ಒತ್ತಕ್ಷರಗಳು ಬಿಡಿಬಿಡಿಯಾಗಿಲ್ಲ ತಾನೇ ನೋಡಿ.

ಆಮೇಲೆ ಸ್ಲೈಸರ್‌ನಲ್ಲಿ, ಅಂದರೆ ರಿಪೋರ್ಟ್ ಮೇಲಿನ ಫಿಲ್ಟರ್ ಬಾಕ್ಸ್‌ನಲ್ಲಿ, ಒಂದೇ ತಾಲ್ಲೂಕು ಆರಿಸಿ ನೋಡಿ, ನಾಗಮಂಗಲ ಅನ್ನಿ. ತಿಂಗಳ ಸಾಲು ಹಾಗೇ ಇದೆಯಾ? ಅಕ್ಷ ಸೊನ್ನೆಯಿಂದಲೇ ಇದೆಯಾ? 0.3, 0.3, 0.3 ಅಂತ ಒಂದೇ ಅಂಕಿ ಮೂರು ಸಲ ಬಂದಿದೆಯಾ? ಹಾಗಿದ್ದರೆ ವೈ ಆಕ್ಸಿಸ್‌ನ ವ್ಯಾಲ್ಯೂ ಡೆಸಿಮಲ್ ಪ್ಲೇಸಸ್ ಅನ್ನು 1ರಿಂದ 2 ಮಾಡಿ, ಸೇವ್ ಮಾಡಿ, ಮತ್ತೆ ಪಬ್ಲಿಷ್ ಒತ್ತಿ.